ಬಣ್ಣದ ಗುಂಡು ಕಲಿಸುವ ಪಾಠ

ಕಾರ್ಕಳದಲ್ಲಿರುವ ನನ್ನ ತಂಗಿಯ ಮೊಮ್ಮಗಳು ಈ ವರ್ಷ ಹೈಸ್ಕೂಲಿನ ಎನ್‌ಸಿಸಿಗೆ ಸೇರಿದ್ದಾಳೆ. ಮೊನ್ನೆ ಫೋನಿನಲ್ಲಿ, "ಅಜ್ಜ, ಸೈನಿಕರೂ ಪೇಂಟ್‌ಬಾಲ್ ಆಡ್ತಾರಂತೆ. ಆಟ ಆಡಿದ್ರೆ ಯುದ್ಧ ಕಲಿಯೋದು ಹೇಗೆ?" ಎಂದು ಕೇಳಿದಳು. ಒಳ್ಳೆಯ ಪ್ರಶ್ನೆ. ಅವಳಿಗೆ ಹೇಳಿದ್ದನ್ನೇ ಈ ವಾರ ನಿಮಗೂ ಹೇಳುತ್ತೇನೆ.

ಮಕ್ಕಳೇ, ಮೊದಲು ನಿಮ್ಮ ಅಜ್ಜಂದಿರ ಕಾಲದ ಒಂದು ಆಟಿಕೆಯ ವಿಷಯ. ನಾನು ಕಾಪುವಿನಲ್ಲಿ ಬೆಳೆದವನು. ಮಳೆಗಾಲದಲ್ಲಿ ನಾವು ಬಿದಿರಿನ ಕೋವಿ ಮಾಡುತ್ತಿದ್ದೆವು. ಕೆಲವು ಊರುಗಳಲ್ಲಿ ಇದಕ್ಕೆ ಪೆಟ್ಲು ಎನ್ನುತ್ತಾರೆ. ಸಣ್ಣ ಬಿದಿರಿನ ಕೊಳವೆಯ ಎರಡೂ ತುದಿಗೆ ಒಂದೊಂದು ಹಸಿ ಕಾಯಿ ತುರುಕಿ, ಹಿಂದಿನ ಕಾಯಿಯನ್ನು ಕೋಲಿನಿಂದ ನೂಕಿದರೆ ನಡುವಿನ ಗಾಳಿ ಒತ್ತಿಕೊಳ್ಳುತ್ತದೆ. ತಡೆಯಲಾರದೆ ಮುಂದಿನ ಕಾಯಿ 'ಟಪ್' ಎಂದು ಹಾರುತ್ತದೆ. ಪೇಂಟ್‌ಬಾಲ್ ಕೋವಿಯ ಗುಟ್ಟೂ ಇದೇ, ಒತ್ತಿಟ್ಟ ಗಾಳಿ. ಕಾಯಿಯ ಬದಲು ಅಲ್ಲಿ ಸುಮಾರು 17 ಮಿಲಿಮೀಟರ್ ದಪ್ಪದ ಗೋಲಿ ಇರುತ್ತದೆ. ಮೀನೆಣ್ಣೆ ಮಾತ್ರೆಗೆ ಇರುವಂಥದೇ ಜೆಲಟಿನ್ ಸಿಪ್ಪೆ, ಒಳಗೆ ನೀರಿನಲ್ಲಿ ತೊಳೆದುಹೋಗುವ ಬಣ್ಣ.

ಆದರೆ ನಮ್ಮ ಕೋವಿಯಾಟ ಮುಗಿಯುತ್ತಿದ್ದದ್ದು ಹೆಚ್ಚಾಗಿ ಜಗಳದಲ್ಲಿ. "ತಾಗಿತು!" ಎಂದು ಒಬ್ಬ, "ತಾಗ್ಲೇ ಇಲ್ಲ!" ಎಂದು ಇನ್ನೊಬ್ಬ. ಕಾಯಿ ಹುಲ್ಲಿನಲ್ಲಿ ಬಿದ್ದು ಕಾಣೆಯಾದ ಮೇಲೆ ಸಾಕ್ಷಿ ಎಲ್ಲಿಂದ ಬರಬೇಕು? ಬಣ್ಣದ ಗೋಲಿ ಈ ಜಗಳವನ್ನು ಮುಗಿಸಿತು. ತಾಗಿದರೆ ಅಂಗಿಯೇ ಸಾಕ್ಷಿ ಹೇಳುತ್ತದೆ.

ಈ ಕೋವಿ ಹುಟ್ಟಿದ್ದು ಆಟಕ್ಕಲ್ಲ, ಯುದ್ಧಕ್ಕೂ ಅಲ್ಲ. ಅಮೆರಿಕದಲ್ಲಿ ಅರಣ್ಯದವರು ಕಡಿಯಬೇಕಾದ ಮರಗಳಿಗೆ, ದನ ಸಾಕುವವರು ತಮ್ಮ ದನಗಳಿಗೆ ದೂರದಿಂದಲೇ ಗುರುತು ಹಾಕಲು ಅದನ್ನು ಬಳಸುತ್ತಿದ್ದರು. 1981ರ ಜೂನ್ 27ರಂದು ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಹೆನಿಕರ್ ಎಂಬಲ್ಲಿ 12 ಮಂದಿ ಗೆಳೆಯರು ಕಾಡಿನಲ್ಲಿ ಬಾವುಟ ಸಂಗ್ರಹಿಸುವ ಆಟಕ್ಕೆ ಅದನ್ನು ಹಿಡಿದು ಹೋದರು. ಅದೇ ಮೊದಲ ಪೇಂಟ್‌ಬಾಲ್ ಆಟ. ಗೆದ್ದವನು ಕಾಡಿನ ಕೆಲಸ ಬಲ್ಲ ರಿಚಿ ವೈಟ್. ಸದ್ದಿಲ್ಲದೆ ಓಡಾಡಿ, ಒಂದೇ ಒಂದು ಗೋಲಿ ಹಾರಿಸದೆ ಎಲ್ಲ ಬಾವುಟ ಸೇರಿಸಿಕೊಂಡುಬಿಟ್ಟ!

ಸೈನಿಕರಿಗೆ ಇದರಿಂದ ಏನು ಸಿಗುತ್ತದೆ? ಮಣಿಪಾಲದ ಹಾಸ್ಟೆಲ್‌ಗಳಂಥ ಒಂದು ದೊಡ್ಡ ಕಟ್ಟಡವನ್ನು ಕಣ್ಣ ಮುಂದೆ ತಂದುಕೊಳ್ಳಿ. ಉದ್ದದ ಕಾರಿಡಾರ್, ಎರಡೂ ಬದಿಗೆ ಬಾಗಿಲು, ತಿರುವಿನಲ್ಲಿ ಮೆಟ್ಟಿಲು. ಯಾವ ಬಾಗಿಲ ಹಿಂದೆ ಯಾರಿದ್ದಾರೋ ತಿಳಿಯದು. 2008ರ ನವೆಂಬರ್‌ನಲ್ಲಿ ಮುಂಬೈಯ ತಾಜ್ ಹೋಟೆಲಿನಲ್ಲಿ ನಮ್ಮ ಕಮಾಂಡೊಗಳು ಕೋಣೆ ಕೋಣೆ ಹುಡುಕುತ್ತಾ ಭಯೋತ್ಪಾದಕರೊಡನೆ ಹೋರಾಡಬೇಕಾಯಿತು. ಬೆಂಗಳೂರಿನಲ್ಲಿ ಬೆಳೆದ ಮೇಜರ್ ಸಂದೀಪ್ ಉನ್ನಿಕೃಷ್ಣನ್ ಪ್ರಾಣ ಕೊಟ್ಟದ್ದು ಅಲ್ಲಿಯೇ. ಇಂಥ ಕೆಲಸವನ್ನು ಕಪ್ಪು ಹಲಗೆಯ ಮೇಲೆ ಚಿತ್ರ ಬರೆದು ಪೂರ್ತಿ ಕಲಿಸಲಾಗದು. ಎದುರಿನವನೂ ಯೋಚಿಸಬೇಕು, ಅಡಗಬೇಕು, ತಿರುಗಿ ಹೊಡೆಯಬೇಕು. ನಿಜವಾದ ಗುಂಡಿನಲ್ಲಿ ಹಾಗೆ ಅಭ್ಯಾಸ ಮಾಡುವಂತಿಲ್ಲ. ಸದ್ದು ಮಾತ್ರ ಬರುವ ಖಾಲಿ ತೋಟಾ ಹಾರಿಸಿದರೆ ಯಾರಿಗೆ ತಾಗಿತೆಂದು ಗೊತ್ತಾಗುವುದಿಲ್ಲ.

ಬಣ್ಣ ಬಂದದ್ದು ಇಲ್ಲಿಗೆ. ತಲೆ ತುಸು ಹೆಚ್ಚು ಹೊರಗೆ ಹಾಕಿದೆಯಾ? ಭುಜದ ಮೇಲೆ ಚುಕ್ಕೆ. ಹಿಂದೆ ತಿರುಗಿ ನೋಡಲಿಲ್ಲವೇ? ಬೆನ್ನ ಮೇಲೆ ಚುಕ್ಕೆ. ಗಾಬರಿಯಲ್ಲಿ ಜೊತೆಗಾರನಿಗೇ ಹೊಡೆದೆಯಾ? ಅದೂ ಎಲ್ಲರಿಗೆ ಕಾಣುತ್ತದೆ. ನೋಟ್‌ಬುಕ್ಕಿನಲ್ಲಿ ಟೀಚರ್ ಹಾಕುವ ಕೆಂಪು ಶಾಯಿಯ ಗುರುತಿನಂತೆ ಇದು. ಸ್ವಲ್ಪ ನೋವೂ ಆಗುವುದರಿಂದ ಪಾಠ ಬೇಗ ಮರೆಯುವುದಿಲ್ಲ. ಸೈನಿಕ ಅಂಗಿ ತೊಳೆದುಕೊಂಡು ಮರುದಿನ ಅದೇ ಬಾಗಿಲಲ್ಲಿ ಇನ್ನೊಮ್ಮೆ ಪ್ರಯತ್ನಿಸಬಹುದು. ನಿಜವಾದ ಕಾಳಗದಲ್ಲಿ ಆ ಮರುದಿನ ಇರುವುದಿಲ್ಲ.

ಇದಕ್ಕೆ ಮಿತಿಯೂ ಇದೆ. ಬಣ್ಣದ ಗೋಲಿ ಸೆಕೆಂಡಿಗೆ ಹೆಚ್ಚೆಂದರೆ ಸುಮಾರು 90 ಮೀಟರ್ ವೇಗದಲ್ಲಿ ಹೋಗುತ್ತದೆ. ನಮ್ಮ ಸೇನೆಯ ಇನ್ಸಾಸ್ ರೈಫಲ್ಲಿನ ಗುಂಡಿನ ವೇಗ ಅದರ ಹತ್ತು ಪಟ್ಟು. ಮಡಲಿನ ತಟ್ಟಿಯ ಹಿಂದೆ ಅಡಗಿದರೆ ಬಣ್ಣ ತಾಗದು, ಆದರೆ ಗುಂಡು ತಟ್ಟಿಯನ್ನು ತೂರಿಕೊಂಡು ಬರುತ್ತದೆ. ಆಟವನ್ನೇ ನಂಬಿದವನು ತಟ್ಟಿಯನ್ನು ಮುರಕಲ್ಲಿನ ಗೋಡೆ ಎಂದುಕೊಂಡಾನು! ಆದ್ದರಿಂದ ದೂರದ ಗುರಿಯನ್ನು ಸೈನಿಕರು ನಿಜವಾದ ರೈಫಲ್ಲಿನಲ್ಲೇ, ಗುರಿ ಮೈದಾನದಲ್ಲಿ ಕಲಿಯುತ್ತಾರೆ. ತಮ್ಮದೇ ಬಂದೂಕಿನಿಂದ ಹಾರಿಸಬಹುದಾದ ಬಣ್ಣದ ತೋಟಾಗಳನ್ನೂ, ಗುಂಡಿನ ಬದಲು ಲೇಸರ್ ಕಿರಣ ಬಿಡುವ ಸಾಧನಗಳನ್ನೂ ಹಲವು ದೇಶಗಳ ಸೇನೆಗಳು ತರಬೇತಿಗೆ ಬಳಸುತ್ತವೆ.

ಉಡುಪಿ ಕಡೆಯವರಿಗೆ ಇದು ಪೂರ್ತಿ ಹೊಸ ವಿಚಾರವಲ್ಲ. ಕೋಟಿ-ಚೆನ್ನಯರ ಗರಡಿಗೆ ನೀವು ಹೋಗಿರಬಹುದು. ಇಂದು ನಾವು ಕೈಮುಗಿಯುವ ಸ್ಥಳ ಅದು, ಆದರೆ ಗರಡಿ ಎಂಬ ಮಾತಿನ ಅರ್ಥ ಅಂಗಸಾಧನೆ, ಆಯುಧ ವಿದ್ಯೆ ಕಲಿಯುವ ಮನೆ. ಪಟ್ಟು ಕಲಿಸುವ ಗುರು ಶಿಷ್ಯನನ್ನು ಬೀಳಿಸುತ್ತಾನೆ, ಏಳಿಸುತ್ತಾನೆ, ಮತ್ತೆ ಬೀಳಿಸುತ್ತಾನೆ. ಹೊರಗೆ ಹೋದಾಗ ಶಿಷ್ಯ ಬೀಳಬಾರದು ಎಂಬುದೇ ಗುರುವಿನ ಕಾಳಜಿ.

ಕೊನೆಗೆ ಅಜ್ಜ-ಅಜ್ಜಿಯರಿಗೆ ಒಂದು ಮಾತು. ರಜೆಯಲ್ಲಿ ದೊಡ್ಡ ಊರಿಗೆ ಹೋದ ಮೊಮ್ಮಕ್ಕಳು ಪೇಂಟ್‌ಬಾಲ್ ಆಡುತ್ತೇವೆ ಎಂದರೆ ಬೇಡ ಎನ್ನಬೇಕಾಗಿಲ್ಲ. ಆದರೆ ಕಣ್ಣು, ಮುಖ ಮುಚ್ಚುವ ಮುಖವಾಡ ಕೊಡುತ್ತಾರೆಯೇ ಎಂದು ಮೊದಲು ವಿಚಾರಿಸಿ. ಆ ಗೋಲಿ ಕಣ್ಣಿಗೆ ಬಡಿದರೆ ದೃಷ್ಟಿಯೇ ಹೋಗಬಹುದು. ಮಕ್ಕಳೇ, ಎಷ್ಟೇ ಸೆಕೆಯಾದರೂ ಮೈದಾನದಿಂದ ಹೊರಗೆ ಬರುವವರೆಗೆ ಮುಖವಾಡ ತೆಗೆಯಬೇಡಿ. ತರಬೇತಿಯಲ್ಲಿ ಸೈನಿಕರೂ ಅದನ್ನು ತೆಗೆಯುವುದಿಲ್ಲ.