ಸ್ತ್ರೀಯರ ಸಫಾರಿಯೂ ಕಾಡಂಚಿನ ಸ್ತ್ರೀಯರೂ

ಮಹಿಳೆಯರಿಗೆಂದೇ ರೂಪಿಸಿದ ಸಣ್ಣ ಗುಂಪಿನ ವನ್ಯಜೀವಿ ಪ್ರವಾಸಗಳು ಇಂದು ಪ್ರವಾಸೋದ್ಯಮದ ಒಂದು ಪ್ರತ್ಯೇಕ ಶಾಖೆಯಾಗಿ ಬೆಳೆದಿವೆ. ಆರೆಂಟು ಮಂದಿ ಹೆಂಗಸರು, ಜೊತೆಗೊಬ್ಬ ಸಂಯೋಜಕಿ, ಎರಡು ಮೂರು ರಾತ್ರಿಗಳ ವಾಸ್ತವ್ಯ, ಬೆಳಿಗ್ಗೆ ಮತ್ತು ಸಂಜೆ ಜೀಪಿನಲ್ಲಿ ಕಾಡಿನ ಸುತ್ತಾಟ – ಇದು ಅವುಗಳ ಸಾಮಾನ್ಯ ಚೌಕಟ್ಟು. ಆಫ್ರಿಕಾದ ಸೆರೆಂಗೆಟಿ, ಮಸಾಯಿ ಮಾರಾಗಳಿಂದ ಹಿಡಿದು ಕರ್ನಾಟಕದ ಕಬಿನಿ, ಬಂಡೀಪುರಗಳವರೆಗೆ ಇಂತಹ ಪ್ರವಾಸಗಳು ನಡೆಯುತ್ತಿವೆ. ಹೋಂಸ್ಟೇಗಳು ತುಂಬಿರುವ ಮಲೆನಾಡಿನಲ್ಲಿ, ಭದ್ರಾ ಅಭಯಾರಣ್ಯದ ಅಂಚಿನ ಊರುಗಳಲ್ಲಿ, ಈ ವಿಚಾರವನ್ನು ಈಗಲೇ ಚರ್ಚಿಸುವುದು ಅಗತ್ಯ.

ಇಂತಹ ಪ್ರವಾಸವನ್ನು ಸಿರಿವಂತರ ಶೋಕಿಯೆಂದು ತಳ್ಳಿಹಾಕುವುದು ನ್ಯಾಯವಲ್ಲ. ಗಂಡ, ಅಣ್ಣ, ಮಗ – ಯಾರೊಬ್ಬರ ಬೆಂಗಾವಲೂ ಇಲ್ಲದೆ ಹೆಣ್ಣುಮಗಳೊಬ್ಬಳು ಕಾಡು ನೋಡಲು ಹೊರಡುವುದು ಇಂದಿಗೂ ಸುಲಭವಲ್ಲ. ಒಂಟಿ ಹೆಂಗಸಿಗೆ ಕೊಠಡಿ ಕೊಡುವಾಗ ಹತ್ತು ಪ್ರಶ್ನೆ ಕೇಳುವವರಿದ್ದಾರೆ. ಸಫಾರಿ ಎಂದರೆ ಮೂರು ಗಂಟೆಗಳ ಕಾಲ ವಾಹನದಿಂದ ಕೆಳಗಿಳಿಯುವಂತಿಲ್ಲ. ಶೌಚದ ಚಿಂತೆಯಿಂದ ಬೆಳಗಿನಿಂದಲೇ ನೀರು ಕುಡಿಯದೆ ಬರುವ ಹೆಂಗಸರ ಕಷ್ಟ ಗಂಡಸರ ಗುಂಪಿನಲ್ಲಿ ಮಾತಿಗೂ ಬರುವುದಿಲ್ಲ. ರಾಜಮಹಾರಾಜರ ಬೇಟೆಯ ಕಾಲದಿಂದಲೂ ಕಾಡು ಗಂಡಸಿನ ಪರಾಕ್ರಮದ ರಂಗವೆಂದೇ ಬಿಂಬಿತವಾಗಿದೆ. ಆ ರೂಢಿಯನ್ನು ಮುರಿದು, ಸಂಸಾರದ ದುಡಿತದಿಂದ ಎರಡು ದಿನ ಬಿಡುವು ಮಾಡಿಕೊಂಡು, ಆನೆಯ ಹಿಂಡನ್ನು ಕಣ್ತುಂಬ ನೋಡಿ ಬರುವ ಹೆಣ್ಣಿನ ಸಂತೋಷವನ್ನು ಅಲ್ಲಗಳೆಯಲು ಯಾರಿಗೂ ಅಧಿಕಾರವಿಲ್ಲ.

ಪ್ರಶ್ನೆ ಇರುವುದು ಬೇರೆಡೆ. ‘ಮಹಿಳೆಯರಿಗಾಗಿ’ ಎಂಬ ಮಾತಿನಲ್ಲಿ ಯಾವ ಮಹಿಳೆಯರು ಸೇರಿದ್ದಾರೆ? ಜೀಪಿನಲ್ಲಿ ಕುಳಿತವಳು ಮಾತ್ರವೋ, ಆ ಜೀಪು ಹಾದುಹೋಗುವಾಗ ಸೌದೆಯ ಹೊರೆಯೊಂದಿಗೆ ದಾರಿಯಂಚಿಗೆ ಸರಿದು ನಿಲ್ಲುವವಳೂ ಇದ್ದಾಳೆಯೋ?

ಕಬಿನಿಯ ಇತಿಹಾಸವನ್ನು ನೋಡಿದರೆ ಈ ಪ್ರಶ್ನೆಯ ತೂಕ ತಿಳಿಯುತ್ತದೆ. ಇದೇ ಪ್ರದೇಶದ ಕಾಕನಕೋಟೆಯಲ್ಲಿ ಮೈಸೂರು ಅರಸರ ಕಾಲದಲ್ಲಿ ಖೆಡ್ಡಾಗಳು ನಡೆದವು. ಅತಿಥಿಗಳು ಎತ್ತರದಲ್ಲಿ ಕುಳಿತು ನೋಡಿದರು. ಆನೆಗಳನ್ನು ಅಟ್ಟಿದವರು, ಹಿಡಿದ ಆನೆಗಳನ್ನು ಪಳಗಿಸಿದವರು ಜೇನು ಕುರುಬರು. ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. 1974ರಲ್ಲಿ ಕಬಿನಿ ಅಣೆಕಟ್ಟು ಪೂರ್ಣಗೊಂಡು ಆ ಕಣಿವೆಯೇ ನೀರಿನಡಿ ಸೇರಿತು. ಹಾಡಿಗಳಿಂದ ಹೊರಬಿದ್ದ ಅನೇಕ ಕುಟುಂಬಗಳು ಕೊಡಗಿನ ಕಾಫಿ ತೋಟಗಳ ಕೂಲಿಗೆ ಹೋದವು. 1990ರ ದಶಕದಲ್ಲಿ ನಾಗರಹೊಳೆಯ ಮೂರ್ಕಲ್‌ನಲ್ಲಿ ಅರಣ್ಯಭೂಮಿಯನ್ನು ದೊಡ್ಡ ಹೋಟೆಲ್ ಸಂಸ್ಥೆಯೊಂದಕ್ಕೆ ಗುತ್ತಿಗೆ ನೀಡಿದಾಗ ಹಾಡಿಯ ಜನ ಹೋರಾಟಕ್ಕಿಳಿದರು. ಆ ಗುತ್ತಿಗೆ 1980ರ ಅರಣ್ಯ ಸಂರಕ್ಷಣಾ ಕಾಯ್ದೆಗೆ ವಿರುದ್ಧವೆಂದು 1997ರಲ್ಲಿ ಉಚ್ಚ ನ್ಯಾಯಾಲಯ ತೀರ್ಪು ನೀಡಿತು. ಕಾಡಿನಲ್ಲಿ ಬದುಕಲು ಅವಕಾಶವಿಲ್ಲದವರ ನೆಲದಲ್ಲಿ ಕಾಡು ನೋಡಲು ಬರುವವರಿಗೆ ಕೊಠಡಿ ಕಟ್ಟುವುದು ಹೇಗೆ ನ್ಯಾಯ ಎಂಬ ಅಂದಿನ ಪ್ರಶ್ನೆ ಇಂದಿಗೂ ಹಳತಾಗಿಲ್ಲ.

2025ರ ನವೆಂಬರಿನಲ್ಲಿ ಈ ಪ್ರಶ್ನೆ ಇನ್ನೊಂದು ರೂಪದಲ್ಲಿ ಎದುರಾಯಿತು. ಮೈಸೂರು ಜಿಲ್ಲೆಯ ಕಾಡಂಚಿನ ಹಳ್ಳಿಗಳಲ್ಲಿ ಹುಲಿ ದಾಳಿಯಿಂದ ರೈತರು ಸತ್ತ ಬಳಿಕ, ರಾಜ್ಯ ಸರ್ಕಾರವು ನಾಗರಹೊಳೆ ಹಾಗೂ ಬಂಡೀಪುರದ ಸಫಾರಿಯನ್ನು ಸ್ಥಗಿತಗೊಳಿಸಿ ಅದರ ಸಿಬ್ಬಂದಿಯನ್ನು ಹುಲಿ ಪತ್ತೆಯ ಕೆಲಸಕ್ಕೆ ನಿಯೋಜಿಸಿತು. ಹುಲಿ ಹೊಲಕ್ಕೆ ಬರಲು ಸಫಾರಿಯೊಂದೇ ಕಾರಣವೆನ್ನುವುದು ಅವಸರದ ತೀರ್ಮಾನವಾದೀತು. ಲಂಟಾನ ಹಬ್ಬಿದ ಕಾಡು, ಅಂಚಿನವರೆಗೆ ಬಂದ ಬೇಸಾಯ, ಹುಲಿಗಳ ಸಂಖ್ಯೆಯ ಏರಿಕೆ ಎಲ್ಲವೂ ಅದರ ಹಿಂದಿವೆ. ಆದರೆ ಒಂದೇ ಹುಲಿ ಒಬ್ಬಳಿಗೆ ಹಣ ಕೊಟ್ಟು ನೋಡುವ ಸೊಬಗಾಗಿ, ಇನ್ನೊಬ್ಬಳಿಗೆ ಹತ್ತಿ ಬಿಡಿಸುವಾಗ ಬೆನ್ನ ಹಿಂದಿರುವ ಭಯವಾಗಿ ಕಾಣುತ್ತದೆಂಬ ಸತ್ಯವನ್ನು ಆ ದಿನಗಳು ಎತ್ತಿ ತೋರಿದವು.

‘ಸಣ್ಣ ಗುಂಪು’ ಎಂಬ ಮಾತನ್ನೂ ಪರೀಕ್ಷಿಸಬೇಕು. ಗುಂಪು ಸಣ್ಣದಾದರೆ ಗದ್ದಲ ಕಡಿಮೆ, ಮಾರ್ಗದರ್ಶಿಯ ಮಾತು ಕಿವಿಗೆ ಬೀಳುತ್ತದೆ; ಇದು ಸರಿಯೇ. ಆದರೆ ಒಂದು ಬಸ್ಸಿನಲ್ಲಿ ಹೋಗಬಹುದಾದ 24 ಮಂದಿ ಆರಾರು ಜನರಂತೆ ಹೊರಟರೆ ನಾಲ್ಕು ಜೀಪುಗಳು ಬೇಕು. ಹುಲಿ ಕಂಡ ಸುದ್ದಿ ಹರಡಿದೊಡನೆ ಆ ನಾಲ್ಕೂ ಒಂದೇ ತಿರುವಿನಲ್ಲಿ ನಿಲ್ಲುತ್ತವೆ. ಗುಂಪು ಸಣ್ಣದಾದ ಮಾತ್ರಕ್ಕೆ ಕಾಡಿನ ಮೇಲಿನ ಭಾರ ಸಣ್ಣದಾಗುವುದಿಲ್ಲ. ದಿನವೊಂದಕ್ಕೆ ಒಳಹೋಗುವ ಒಟ್ಟು ವಾಹನಗಳೆಷ್ಟು, ವಸತಿಗೃಹ ಬೇಸಿಗೆಯಲ್ಲಿ ಯಾವ ಕೊಳವೆಬಾವಿಯ ನೀರು ಎತ್ತುತ್ತದೆ, ಅದರ ಕಸ ಎಲ್ಲಿಗೆ ಹೋಗುತ್ತದೆ ಎಂಬ ಲೆಕ್ಕವೇ ನಿಜವಾದ ಅಳತೆ. ಹುಲಿ ಸಂರಕ್ಷಿತ ಪ್ರದೇಶದ ಕೇಂದ್ರಭಾಗದಲ್ಲಿ ಶೇಕಡ 20ಕ್ಕಿಂತ ಹೆಚ್ಚು ಜಾಗದಲ್ಲಿ ಪ್ರವಾಸ ಸಲ್ಲದೆಂದು 2012ರ ರಾಷ್ಟ್ರೀಯ ಮಾರ್ಗಸೂಚಿ ಹೇಳಿತು. ಪ್ರವಾಸೋದ್ಯಮದಿಂದ ಸಂರಕ್ಷಣಾ ಶುಲ್ಕ ಪಡೆದು ಸ್ಥಳೀಯರ ಏಳಿಗೆಗೆ ಬಳಸುವ ಮಾತೂ ಅದರಲ್ಲಿತ್ತು. ಆ ಎರಡನೆಯ ಮಾತು ಎಷ್ಟು ಊರುಗಳ ಕಿವಿಗೆ ಬಿದ್ದಿದೆ?

ಬೇರೆ ದಾರಿಗಳಿಲ್ಲವೆಂದಲ್ಲ. ಆನೆಯ ಹಿಂಡುಗಳಿಗೆ ಹೆಸರಾದ ಬೋಟ್ಸ್ವಾನಾದ ಚೋಬೆ ರಾಷ್ಟ್ರೀಯ ಉದ್ಯಾನದ ಚೋಬೆ ಗೇಮ್ ಲಾಡ್ಜ್‌ನಲ್ಲಿ ಕಳೆದ ದಶಕದಲ್ಲಿ ಮಾರ್ಗದರ್ಶಿಗಳ ತಂಡವೇ ಪೂರ್ತಿಯಾಗಿ ಮಹಿಳೆಯರದಾಯಿತು. ವಾಹನ ನಡೆಸುವವರು, ಹೆಜ್ಜೆ ಗುರುತಿಸುವವರು, ಆನೆ ಎದುರಾದಾಗ ನಿಲ್ಲಬೇಕೋ ಹಿಂದೆ ಸರಿಯಬೇಕೋ ಎಂದು ನಿರ್ಧರಿಸುವವರು ಅವರೇ. ಗುಜರಾತಿನ ಗಿರ್ ಕಾಡಿನಲ್ಲಿ 2007ರಿಂದ ಮಹಿಳಾ ವನರಕ್ಷಕಿಯರು ಸಿಂಹಗಳ ರಕ್ಷಣೆಗೆ ನಿಂತಿದ್ದಾರೆ. ಪಶ್ಚಿಮಘಟ್ಟದಲ್ಲಿಯೇ ಇರುವ ಕೇರಳದ ಪೆರಿಯಾರ್‌ನಲ್ಲಿ ಮೊದಲು ಮರದ ತೊಗಟೆ ಕದಿಯುತ್ತಿದ್ದವರು 1998ರಿಂದ ಪ್ರವಾಸಿಗರಿಗೆ ಕಾಡು ತೋರಿಸುವ ಮಾರ್ಗದರ್ಶಿಗಳಾದರು. ಅಲ್ಲಿನ ಮಹಿಳೆಯರು 2002ರಲ್ಲಿ ‘ವಸಂತ ಸೇನೆ’ ಕಟ್ಟಿಕೊಂಡು ಶ್ರೀಗಂಧದ ಕಾಡನ್ನು ಸರದಿಯಂತೆ ಕಾಯತೊಡಗಿದರು. ಅವರದು ಕೂಲಿಯಿಲ್ಲದ ಸೇವೆ. ಅದನ್ನು ಹೊಗಳುವಾಗಲೂ, ಹೆಣ್ಣಿನ ದುಡಿಮೆಗೆ ಹೊಗಳಿಕೆಯೇ ಸಂಬಳವಾಗಬಾರದೆಂಬುದನ್ನು ಮರೆಯಬಾರದು.

ಸೊಪ್ಪು, ಗೆಡ್ಡೆ, ಜೇನು, ನೆಲ್ಲಿಕಾಯಿ ಆಯುತ್ತ ಬೆಳೆದ ಹಾಡಿಯ ಹೆಣ್ಣುಮಗಳಿಗೆ ಕಾಡಿನ ಜ್ಞಾನವನ್ನು ಯಾರೂ ಕಲಿಸಬೇಕಾಗಿಲ್ಲ. ಆದರೆ ವಸತಿಗೃಹಗಳಲ್ಲಿ ಅವಳಿಗೆ ಸಿಗುವುದು ಪಾತ್ರೆ ತೊಳೆಯುವ, ಹಾಸಿಗೆ ಹಾಸುವ ಕೆಲಸ. ಅದೇ ಕಾಡಿನ ಕುರಿತು ಮಾತನಾಡಿ ಸಂಬಳ ಪಡೆಯುವವರು ಹೊರಗಿನಿಂದ ಬಂದವರು. ಮಹಿಳೆಯರ ಸಫಾರಿ ಹೆಸರಿಗೆ ತಕ್ಕದ್ದಾಗಬೇಕಾದರೆ ಮೊದಲು ಬದಲಾಗಬೇಕಾದುದು ಈ ಹಂಚಿಕೆ. ಅತಿಥಿಗಳೆಲ್ಲ ಹೆಂಗಸರಾದರೆ ಸಾಲದು. ಮುಂದಿನ ಆಸನದಲ್ಲಿ ಕಾಡಂಚಿನ ಹೆಣ್ಣು ತರಬೇತಿ, ಪರವಾನಗಿ ಮತ್ತು ಸಮನಾದ ವೇತನದೊಂದಿಗೆ ಕುಳಿತಿರಬೇಕು.

ಇದಕ್ಕೆ ಬೇಕಾದ ಬಲ ಕಾನೂನಿನಲ್ಲಿಯೇ ಇದೆ. 2006ರ ಅರಣ್ಯ ಹಕ್ಕು ಕಾಯ್ದೆಯು ಭೂಮಿಯ ಹಕ್ಕುಪತ್ರವನ್ನು ಗಂಡ ಹೆಂಡತಿ ಇಬ್ಬರ ಹೆಸರಿನಲ್ಲೂ ಕೊಡಬೇಕೆನ್ನುತ್ತದೆ. ಅರಣ್ಯ ಹಕ್ಕು ಸಮಿತಿಯಲ್ಲಿ ಕನಿಷ್ಠ ಮೂರನೆಯ ಒಂದು ಪಾಲು ಮಹಿಳೆಯರಿರಬೇಕೆಂದು ಅದರ ನಿಯಮ ವಿಧಿಸುತ್ತದೆ. ಹೀಗಿರುವಾಗ ಊರಿನ ಅಂಚಿನಲ್ಲಿ ತಲೆಯೆತ್ತುವ ಪ್ರವಾಸ ಯೋಜನೆ ಆ ಊರಿನ ಸಭೆಗೆ ಬಾರದೆ, ಆ ಮಹಿಳೆಯರ ಒಪ್ಪಿಗೆ ಕೇಳದೆ ನಡೆಯುವುದು ಯಾವ ಬಗೆಯ ಮಹಿಳಾಪರ ಕಾರ್ಯ?

ಮಲೆನಾಡಿನ ಗ್ರಾಮಸಭೆಗಳು ಇಂತಹ ಯೋಜನೆ ಬಂದಾಗ ಕೇಳಬೇಕಾದ ಪ್ರಶ್ನೆಗಳು ಸರಳವಾಗಿವೆ. ವಾಹನಗಳಿಗೆ ಮಿತಿಯೆಷ್ಟು? ನೀರು ಎಲ್ಲಿಂದ? ಊರಿನ ಎಷ್ಟು ಹೆಂಗಸರಿಗೆ ಯಾವ ಕೆಲಸ, ಎಷ್ಟು ಸಂಬಳ? ಶುಲ್ಕದ ಪಾಲು ಯಾರ ಕೈಗೆ? ಆನೆ ಗದ್ದೆ ತುಳಿದ ರಾತ್ರಿ ಆ ಜೀಪು ಊರಿನ ನೆರವಿಗೆ ಬರುತ್ತದೆಯೇ? ಕಾಲೇಜಿನ ವಿದ್ಯಾರ್ಥಿನಿಯರು ತಮ್ಮ ತಾಲ್ಲೂಕಿನ ವಸತಿಗೃಹಗಳಿಗೆ ಹೋಗಿ ಈ ಉತ್ತರಗಳನ್ನು ಬರೆದು ತಂದು ಸಭೆಯ ಮುಂದಿಟ್ಟರೆ ಅದೊಂದು ದೊಡ್ಡ ಕೆಲಸ. ನಗರದಿಂದ ಬರುವ ಸೋದರಿಯರೂ ಹಣ ಕಟ್ಟುವ ಮೊದಲು ಇವನ್ನೇ ಕೇಳಲಿ. ಹಣ ಕೊಡುವವಳ ಪ್ರಶ್ನೆಗೆ ಉದ್ಯಮ ಬೇಗ ಕಿವಿಗೊಡುತ್ತದೆ. ಜೀಪಿನೊಳಗಿನ ಹೆಣ್ಣೂ ಹೊರಗಿನ ಹೆಣ್ಣೂ ಒಂದೇ ಪ್ರಶ್ನೆ ಕೇಳತೊಡಗಿದರೆ ಉತ್ತರ ಕೊಡದೆ ತಪ್ಪಿಸಿಕೊಳ್ಳುವುದು ಯಾರಿಗೂ ಸುಲಭವಾಗಲಾರದು.