ನೋಡಿಗೊಂಡು ಆಡಿರೆ ಆಟ ಹಾಳಾವ್ತಿಲ್ಲೆ

ಈಗಾಣ ಮಕ್ಕಳ ಬಾಯಿಲಿ ಒಂದು ಮಾತು ಸುಮಾರು ಸರ್ತಿ ಕೇಳಿದ್ದೆ: “ಉತ್ತರ ನೋಡಿಗೊಂಡು ಆಡುದು ಆಟವೇ ಅಲ್ಲ.” ಮೊಬೈಲಿಲ್ಲಿಯೋ ಕಂಪ್ಯೂಟರಿಲ್ಲಿಯೋ ಒಂದು ಗೇಮ್ ಆಡುವಗ ಮುಂದೆ ಹೋಪಲೆ ಎಡಿಯದ್ದೆ, ಆರೋ ಬರದು ಮಡಗಿದ ದಾರಿಯ ಓದಿರೆ ಅದು ವಾಕ್‌ತ್ರೂ ಅಡ. ಜೀವ ಹೆಚ್ಚಪ್ಪ ಗುಟ್ಟಿನ ಅಕ್ಷರ ಒತ್ತಿರೆ ಅದು ಚೀಟ್ ಅಡ. ಎರಡುದೆ ಮಾಡ್ಲಾಗ, ಮಾಡಿರೆ ಆಟದ ರುಚಿಯೇ ಹೋತು ಹೇಳ್ತವು. ಮೊನ್ನೆ ಒಂದು ಜೆಂಬ್ರಲ್ಲಿ ಎನ್ನ ತಂಗೆ ಮಗ° ಎಲ್ಲೋರ ಎದುರೇ, “ದೊಡ್ಡಮ್ಮ ಯೂಟ್ಯೂಬ್ ನೋಡಿಗೊಂಡು ಗೇಮ್ ಗೆಲ್ಲುದು” ಹೇಳಿ ನೆಗೆ ಮಾಡಿದ°. ಎಲ್ಲೋರೂ ನೆಗೆ ಮಾಡಿದವು, ಆನುದೆ ಮಾಡಿದೆ. ಆದರೆ ಆ ಮಾತು ಸರಿ ಅಲ್ಲ ಅಕ್ಕಂದ್ರೇ. ಎಂತಕೆ ಹೇಳಿ ಹೇಳ್ತೆ.

ಈ ಚೀಟ್ ಹೇಳುದು ಎಲ್ಲಿಂದ ಬಂತು ನೋಡಿ. ಜಪಾನಿನ ಕೊನಾಮಿ ಕಂಪೆನಿಲಿ ಕಝುಹಿಸಾ ಹಶಿಮೊಟೊ ಹೇಳುವವು ಗ್ರೇಡಿಯಸ್ ಹೇಳ್ತ ಆಟವ ಮನೆಲಿ ಆಡುವ ಯಂತ್ರಕ್ಕೆ ಹೊಂದುಸಿದವು. ಅದು ಬಂದದು 1986ರಲ್ಲಿ. ಆಟ ಸರಿ ಇದ್ದೋ ಹೇಳಿ ನೋಡೆಕ್ಕಾರೆ ಕಡೆವರೆಗೆ ಆಡೆಕ್ಕನ್ನೆ? ಅದು ಎಷ್ಟು ಕಷ್ಟ ಹೇಳಿರೆ ಮಾಡಿದವಕ್ಕೇ ಎಡಿಗಾಯಿದಿಲ್ಲೆ! ಹಾಂಗಾಗಿ ಮೇಲೆ ಎರಡು ಸರ್ತಿ, ಕೆಳ ಎರಡು ಸರ್ತಿ, ಎಡ ಬಲ, ಎಡ ಬಲ, ಮತ್ತೆ ಬಿ, ಎ ಹೀಂಗೆ ಒತ್ತಿರೆ ಶಕ್ತಿ ಸಿಕ್ಕುವ ಹಾಂಗೆ ಮಾಡಿಗೊಂಡವು. ಅದು ಆಟದ ಒಳವೇ ಒಳುದತ್ತು. ಅದೇ ಕೆಣಿಯ ಕಾಂಟ್ರಾ ಹೇಳ್ತ ಆಟಲ್ಲಿ ಹಾಕಿರೆ 30 ಜೀವ. ನಮ್ಮ ಮಕ್ಕೊ ಸಣ್ಣಾಗಿಪ್ಪಗ ಟೀವಿಗೆ ವಯರು ಸಿಕ್ಕುಸಿ ಬಡುದು ಬಡುದು ಆಡಿದ ಕಾಂಟ್ರಾ ಅದುವೇ. ಅಡಿಗೆ ಮಾಡಿದವು ಖಾರ ಹೆಚ್ಚಾತು ಹೇಳಿ ಮಜ್ಜಿಗೆ ಕುಡಿವಲಕ್ಕು, ಉಂಬಲೆ ಕೂದವು ಕುಡಿವಲಾಗ ಹೇಳಿರೆ ಅದು ಯೇವ ನ್ಯಾಯ?

ದಾರಿ ಹೇಳುವ ಪುಸ್ತಕವುದೆ ಹಾಂಗೇ. ಅಮೇರಿಕದ ಇನ್ಫೋಕಾಂ ಕಂಪೆನಿ 1980ರ ದಶಕಲ್ಲಿ ಚಿತ್ರ ಇಲ್ಲದ್ದೆ ಬರೇ ಅಕ್ಷರಲ್ಲಿ ಆಡುವ ಆಟಂಗಳ ಮಾರಿಗೊಂಡು ಇದ್ದತ್ತು, ಜೋರ್ಕ್ ಹೇಳ್ತದು ಅದರಲ್ಲಿ ಒಂದು. ಒಟ್ಟಿಂಗೆ ಇನ್ವಿಸಿಕ್ಲೂಸ್ ಹೇಳಿ ಸಣ್ಣ ಪುಸ್ತಕವನ್ನೂ ಮಾರಿತ್ತು. ಪ್ರಶ್ನೆ ಕಾಣ್ತು, ಉತ್ತರ ಕಾಣದ್ದ ಶಾಯಿಲಿ. ಅದಕ್ಕೇ ಮಾಡಿದ ಪೆನ್ನಿಲಿ ಉದ್ದಿರೆ ಒಂದೊಂದೇ ಗೆರೆ ಕಾಂಗು. ಮದಲಾಣದ್ದು ಬರೇ ಸೂಚನೆ, ಮತ್ತಾಣದ್ದು ರಜ್ಜ ಹೆಚ್ಚು, ಕಡೇದು ಪೂರ್ತಿ ಉತ್ತರ. ಎಷ್ಟು ಬೇಕೋ ಅಷ್ಟೇ ಉದ್ದುಲಕ್ಕು. ನಿಂಟೆಂಡೋ ಕಂಪೆನಿ ಅಂತೂ ಅಮೇರಿಕಲ್ಲಿ ಫೋನಿಲಿ ದಾರಿ ಹೇಳುಲೆ ಹೇಳಿಯೇ ಜನ ಮಡಗಿತ್ತು. ಅದೇ ಕಂಪೆನಿ, ಗಲೂಬ್ ಹೇಳ್ತವು ಗೇಮ್ ಜೀನಿ ಹೇಳಿ ಚೀಟ್ ಮಾಡುವ ಉಪಕರಣವ ಮಾರುಲೆ ಹೆರಟಪ್ಪಗ ಕೋರ್ಟಿಂಗೆ ಹೋತು. 1992ರಲ್ಲಿ ಅಲ್ಯಾಣ ಮೇಲಾಣ ಕೋರ್ಟು ಗಲೂಬಿನ ಪರವಾಗಿ ತೀರ್ಪು ಕೊಟ್ಟತ್ತು. ಆಟ ಮಾಡಿದ ಕಂಪೆನಿಗೇ ತಡವಲೆ ಎಡಿಗಾಯಿದಿಲ್ಲೆ, ಇನ್ನು ಎನ್ನ ತಂಗೆ ಮಗ° ತಡವದೆಂತರ!

ಹೇಳಿ ಅವರ ಮಾತಿಲಿ ಸತ್ಯವೇ ಇಲ್ಲೆ ಹೇಳಿ ಅಲ್ಲ. ಕತೆ ಬೇರೆ, ಒಗಟು ಬೇರೆ. ಗದಾಯುದ್ಧಲ್ಲಿ ಕೌರವ° ಬೀಳ್ತ° ಹೇಳಿ ಗೊಂತಿದ್ದೇ ನಾವು ಇರುಳಿಡೀ ಕೂದು ಆಟ ನೋಡ್ತು. ಕಡೆ ಗೊಂತಿದ್ದರೆ ಕತೆಯ ರಸ ಹೋವ್ತಿಲ್ಲೆ. ಒಗಟು ಹಾಂಗಲ್ಲ, ಉತ್ತರ ಕೇಳಿದ ಮತ್ತೆ ಅದರಲ್ಲಿ ಎಂತದೂ ಒಳಿತ್ತಿಲ್ಲೆ. ಬೀಗ ಬಿಚ್ಚುವ ಆಟಲ್ಲಿ ಬೀಗವೇ ಆಟ. ಸುರುವಿಂದ ಕಡೆವರೆಗೆ ವಿಡಿಯೋ ಹಾಕಿಗೊಂಡು ಅದು ತೋರ್ಸಿದಲ್ಲಿಗೆ ಬೆರಳು ಮಡಗಿರೆ, ಅಪ್ಪು, ಅದು ಕಾಪಿ ಹೊಡವದು. ಆದರೆ ಒಂದು ಗಂಟು ಬಿಚ್ಚುಲೆ ಒಂದು ಮಾತು ಕೇಳುದುದೆ, ಪೂರಾ ನಕಲು ಮಾಡುದುದೆ ಒಂದೇ ಹೇಳಿ ಲೆಕ್ಕ ಹಾಕುದು ತಪ್ಪು.

ಎನ್ನ ಟ್ಯಾಬಿಲಿ ಇಪ್ಪ ಆಟದ ಹೆಸರು ದಿ ರೂಮ್. ಇಂಗ್ಲೆಂಡಿನ ಫೈರ್‌ಪ್ರೂಫ್ ಗೇಮ್ಸ್ ಹೇಳ್ತವು 2012ರಲ್ಲಿ ಮಾಡಿದ್ದು. ಹೊಡಿಬಡಿ ಇಲ್ಲೆ, ಗಡಿಬಿಡಿ ಇಲ್ಲೆ. ಒಂದು ಚೆಂದದ ಪೆಟ್ಟಿಗೆ, ಅದರ ಮೈ ಇಡೀ ಬೀಗ, ಗುಟ್ಟಿನ ಖಾನೆ, ತಿರುಗುಸುವ ಚಕ್ರ. ಒಂದು ಕನ್ನಾಟಿಯ ಕಣ್ಣಿಂಗೆ ಮಡಗಿ ನೋಡಿರೆ ಮಾಂತ್ರ ಕಾಂಬ ಗುರ್ತಂಗೊ. ಒಂದು ಬಿಚ್ಚಿರೆ ಒಳ ಇನ್ನೊಂದು. ಸುಮಾರು ಹೊತ್ತು ಎಡಿಯದ್ರೆ ಮೂಲೆಲಿ ಒಂದು ಪ್ರಶ್ನೆಚಿಹ್ನೆ ಬತ್ತು, ಒತ್ತಿರೆ ಸಣ್ಣ ಸೂಚನೆ. ಮತ್ತೂ ಎಡಿಯದ್ರೆ ಇನ್ನೊಂದು. ಆಟ ಮಾಡಿದವೇ ಕೈ ಹಿಡುದು ನಡೆಶುಲೆ ತಯಾರಿಪ್ಪಗ ಅದರ ಹಿಡಿವಲೆ ಎಂತ ನಾಚಿಕೆ?

ಎನಗೆ ಮುಖ್ಯ ಇಪ್ಪದು ಸಮಯದ ಮಾತು. ಮಧ್ಯಾಹ್ನ ಉಂಡಿಕ್ಕಿ, ಪಾತ್ರ ತೊಳದು, ಅತ್ತೆಗೆ ಮದ್ದು ಕೊಟ್ಟಿಕ್ಕಿ, ಹೊತ್ತೋಪಗ ಕಾಪಿಗೆ ನೀರು ಮಡುಗುವ ವರೆಗೆ ಎನಗೆ ಹೇಳಿ ಇಪ್ಪದು ಅರ್ಧ ಗಂಟೆ. ನಿಂಗೊಗುದೆ ಅಷ್ಟೇ ಇಕ್ಕು. ಒಂದೇ ಬೀಗಲ್ಲಿ ಮೂರು ದಿನ ಸಿಕ್ಕಿ ಹಾಕಿಗೊಂಡರೆ ನಾಲ್ಕನೇ ದಿನ ಟ್ಯಾಬು ಕಪಾಟಿಂಗೆ ಹೋವ್ತು, ಮತ್ತೆ ಹೆರ ಬತ್ತಿಲ್ಲೆ. ಅಂಬಗ ಆಟ ಹಾಳಾದ್ದು ಯೇವದರಲ್ಲಿ? ಒಂದು ಸೂಚನೆ ನೋಡಿ ಒಳುದ ಹತ್ತು ಬೀಗವ ಸ್ವಂತ ಬಿಚ್ಚಿದ್ದರಲ್ಲಿಯೋ, ಒಂದು ಬೀಗಕ್ಕೆ ಹಠ ಹಿಡುದು ಹತ್ತನ್ನೂ ಬಿಟ್ಟದರಲ್ಲಿಯೋ? ಇರುಳು ಒಂದು ಗಂಟೆವರೆಗೆ ಆಡಿ, ಉದಿಯಪ್ಪಗ ಎದ್ದು, ಕೂದಲ್ಲಿಗೇ ಕಾಪಿ ತರ್ಸಿಗೊಂಬ ಮಾಣಿಯಂಗೊಗೆ “ತಾಳ್ಮೆ ಬೇಕು ದೊಡ್ಡಮ್ಮ” ಹೇಳುಲೆ ಸುಲಭ. ಅವರ ತಾಳ್ಮೆಗೆ ಪುರುಸೊತ್ತು ಒದಗುಸಿ ಕೊಡುದು ಆರು ಹೇಳಿ ಅವು ಆಲೋಚನೆ ಮಾಡಿದ್ದವಿಲ್ಲೆ.

ಕೈಬೆರಳು ಬೇನೆ ಇಪ್ಪವು, ಕಣ್ಣು ಮಂಜಾದವುದೆ ಇದ್ದವು. 2018ರಲ್ಲಿ ಬಂದ ಸೆಲೆಸ್ಟ್ ಹೇಳ್ತ ಗುಡ್ಡೆ ಹತ್ತುವ ಆಟ ಭಾರೀ ಕಷ್ಟದ್ದು. ಅದರ ಮಾಡಿದವೇ ಆಟದ ವೇಗ ಕಮ್ಮಿ ಮಾಡ್ಲೆ, ಸಾಯದ್ದ ಹಾಂಗೆ ಮಾಡ್ಲೆ ಒಳವೇ ಒಂದು ವ್ಯವಸ್ಥೆ ಮಡಗಿದ್ದವು. ಹಾಂಗೆ ಹತ್ತಿದವಕ್ಕೂ ಗುಡ್ಡೆಯ ಕೊಡಿ ಕಾಂಗು. ಹೊಸತ್ತಾಗಿ ಮದುವೆ ಆಗಿ ಬಂದ ಕೂಸು ವಿಡಿಯೋ ನೋಡಿ ಹೋಳಿಗೆ ಮಾಡಿರೆ “ಇದು ಹೋಳಿಗೆ ಅಲ್ಲ” ಹೇಳಿ ಇದೇ ಮಾಣಿಯಂಗೊ ಬಾಳೆಲೆ ಬಿಟ್ಟು ಏಳ್ತವೋ? ತುಪ್ಪ ಹಾಕಿಗೊಂಡು ತಿಂತವು.

ಒಂದು ಜಾಗೆಲಿ ಮಾಂತ್ರ ಆನು ಅವರ ಪಕ್ಷವೇ. ಎದುರು ಇನ್ನೊಬ್ಬ ಆಡುವಗ ಕೆಣಿ ಮಾಡ್ಲಾಗ. ಆಟಿ ತಿಂಗಳಿಲಿ ಚೆನ್ನೆಮಣೆ ಮಡಗಿರೆ 14 ಗುಳಿ, ಗುಳಿಗೆ 4ರ ಹಾಂಗೆ 56 ಕಾಯಿ. ಅದರಲ್ಲಿ ಒಂದು ಕಾಯಿಯ ಬೆರಳೆಡೆಲಿ ಹುಗ್ಗುಸಿರೆ ಅದು ಕಳ್ಳತನ. ಎದುರು ಕೂದವಕ್ಕೆ ಮೋಸ ಆವ್ತು. ಮೊಬೈಲಿಲಿ ಊರಿನ ಹೆರಾಣವರೊಟ್ಟಿಂಗೆ ಆಡುವಗಳೂ ನ್ಯಾಯ ಅದುವೇ, ಮೋರೆ ಕಾಣ್ತಿಲ್ಲೆ ಹೇಳಿ ಮೋಸ ಅಲ್ಲದ್ದೆ ಹೋವ್ತಿಲ್ಲೆ. ಆದರೆ ಎನ್ನ ಪೆಟ್ಟಿಗೆಯ ಎದುರು ಆರೂ ಕೂಯ್ದವಿಲ್ಲೆ. ಅಲ್ಲಿ ಸೂಚನೆ ನೋಡಿರೆ ಸೋಲುವವು ಆರೂ ಇಲ್ಲೆ.

ಆಟ ನಿಜವಾಗಿ ಹಾಳು ಮಾಡುವವು ಬೇರೆ ಇದ್ದವು. ನಾವು ತಲೆ ಕೆರಕ್ಕೊಂಡು, ಇನ್ನೆಂತ ಸಿಕ್ಕಿತ್ತು ಹೇಳಿ ಅಪ್ಪಗ ಬೆನ್ನ ಹಿಂದಂದ ಬಗ್ಗಿ, “ಅಲ್ಲಿ ಒತ್ತಿ ದೊಡ್ಡಮ್ಮ, ಅಲ್ಲಿ!” ಹೇಳುವವು. ಆನು ಕೇಳಿದ ಸೂಚನೆ ಎನ್ನ ಆಟದ್ದೇ ಭಾಗ, ಕೇಳದ್ದೆ ಬಂದ ಉತ್ತರ ಎನ್ನ ಕೈಂದ ಎಳದ್ದು. ವಿಚಿತ್ರ ಎಂತ ಹೇಳಿರೆ, ನೋಡಿ ಆಡ್ಲಾಗ ಹೇಳುವವು, ಬೆನ್ನ ಹಿಂದೆ ನಿಂದು ಹೇಳಿಕೊಡುವವು, ಇಬ್ರೂ ಒಂದೇ ಜನ.

ಟ್ಯಾಬು ಹಿಡಿವಲೆ ಹೆದರುವ ಅಕ್ಕಂದ್ರಿಂಗೆ ಎನ್ನ ಕ್ರಮ ಹೇಳ್ತೆ. ಸುರುವಾಣ ದಿನ ಎಂತದೂ ನೋಡೆಡಿ. ಮರದಿನವೂ ಎಡಿಯದ್ರೆ ಒಂದೇ ಒಂದು ಸೂಚನೆ ನೋಡಿ, ಅದು ಮುಚ್ಚಿಕ್ಕಿ ಆಡಿ. ಗಂಟು ಬಿಚ್ಚಿದ ಮತ್ತೆ ಮುಂದಾಣದ್ದರ ಓದುಲಾಗ. ಆರಾದರೂ ನೆಗೆ ಮಾಡಿರೆ, ದಾರಿ ಕೇಳಿಗೊಂಡು ಹೋದವುದೆ ನೆಡದೇ ಹೋದ್ದು ಹೇಳಿ ಹೇಳಿ. ಮತ್ತೆ ಅವರ ಕೈಗೆ ಒಂದು ಪಾತ್ರ ಉದ್ದುಲೆ ಕೊಟ್ಟು, ನಿಂಗೊ ಒಂದು ಅರ್ಧ ಗಂಟೆ ಹೆಚ್ಚಿಗೆ ಆಡಿ.