ಗಾಂಭೀರ್ಯವೆಂದರೆ ಬಿಗಿದ ಮುಖವೇ?

ನಗದವನೇ ಗಂಭೀರ, ಪ್ರಶ್ನೆಗೆ ಉತ್ತರಿಸದವನೇ ಹಿರಿಯ ಎಂಬ ಭ್ರಮೆ ಬಸದಿಗಳ ಆಡಳಿತ ಮಂಡಳಿಗಳಲ್ಲಿ ಬೇರೂರಿದೆ. ಶಬ್ದಾರ್ಥವೇ ಇದಕ್ಕೆ ವಿರುದ್ಧ. ‘ಗಂಭೀರ’, ಅದರ ವೈದಿಕ ರೂಪ ‘ಗಭೀರ’, ಮೊದಲು ಸೂಚಿಸಿದ್ದು ಮುಖಭಾವವನ್ನಲ್ಲ, ನೀರಿನ ಆಳವನ್ನು. ಚತುರ್ವಿಂಶತಿ ತೀರ್ಥಂಕರ ಸ್ತುತಿಯು ಸಿದ್ಧರನ್ನು ಸಾಗರದಂತೆ ಗಂಭೀರರೆನ್ನುವುದೂ ಈ ಅರ್ಥದಲ್ಲಿಯೇ. ಶ್ರವಣಬೆಳಗೊಳದ ಎಷ್ಟೋ ಶಾಸನಗಳ ಮೊದಲಿಗಿರುವ ಮಂಗಳಶ್ಲೋಕವು ಸ್ಯಾದ್ವಾದವನ್ನು ಪರಮಗಂಭೀರವೆಂದು ಕರೆದು, ಅದೇ ಜಿನಶಾಸನದ ಲಾಂಛನವೆನ್ನುತ್ತದೆ. ಅನ್ಯರ ಮಾತಿನಲ್ಲಿಯೂ ಒಂದು ದೃಷ್ಟಿಯಿಂದ ಸತ್ಯಾಂಶ ಇರಬಹುದೆಂದು ಒಪ್ಪುವ ಆಳವದು. ಮುನಿಗಳ ಮೌನವ್ರತದ ಮಾತು ಬೇರೆ. ವಾರ್ಷಿಕ ಸಭೆಯಲ್ಲಿ ಲೆಕ್ಕ ಕೇಳಿದ ಶ್ರಾವಕನನ್ನು, ಅಷ್ಟವಿಧಾರ್ಚನೆಯ ಅರ್ಥ ಕೇಳಿದ ಬಾಲಕಿಯನ್ನು ಗದರಿ ಕುಳ್ಳಿರಿಸುವ ದರ್ಪಕ್ಕೆ ಈ ಹೆಸರು ಸಲ್ಲದು. ಅಂಥ ಮಂಡಳಿಗಳು ಮುಂದಿನ ಸಭೆಯಲ್ಲಿ ಲೆಕ್ಕದ ಪುಸ್ತಕವನ್ನು ಎಲ್ಲರೆದುರು ತೆರೆದಿಡಲಿ.